ಕಾಫಿ ಕಣದ ಚಪ್ಪರಕ್ಕೂ ಹಾಸನದ ಕಲ್ಯಾಣ ಮಂಟಪಕ್ಕೂ ಹೂ ಆರಿಸಿದ ಬಗೆ

ತಂಗಿಯ ಮದುವೆ ಎರಡು ಊರುಗಳಲ್ಲಿ ನಡೆಯುವುದೆಂದು ನಿಶ್ಚಯವಾದ ಮೇಲೆ ಹೂವಿನ ಹೊಣೆಯನ್ನು ನಾನೇ ಕೇಳಿ ವಹಿಸಿಕೊಂಡೆ. ವೈಶಾಖದ ಒಂದು ಬೆಳಿಗ್ಗೆ, ಒಂಬತ್ತು ಗಂಟೆಯ ಆಸುಪಾಸಿನ ಮಿಥುನ ಲಗ್ನದಲ್ಲಿ, ಮೂಡಿಗೆರೆ ತಾಲ್ಲೂಕಿನ ನಮ್ಮ ಮನೆಯೆದುರಿನ ಕಾಫಿ ಕಣದಲ್ಲಿ ಚಪ್ಪರ ಹಾಕಿ ಧಾರೆ ಎರೆದುಕೊಡುವುದು. ಅದಾದ ಎರಡನೆಯ ದಿನ ಸಂಜೆ, ಗಂಡಿನವರ ಊರಾದ ಹಾಸನದ ಒಂದು ಕಲ್ಯಾಣ ಮಂಟಪದಲ್ಲಿ ಆರತಕ್ಷತೆ ಮತ್ತು ಬೀಗರ ಔತಣ. ತಂಗಿ ತನ್ನ ಮೊಬೈಲಿನಲ್ಲಿ ಹಲವು ಚಿತ್ರಗಳನ್ನು ಕೂಡಿಟ್ಟಿದ್ದಳು. ಎಲ್ಲವೂ ತಿಳಿ ಗುಲಾಬಿ ಮತ್ತು ಬಿಳಿ ಬಣ್ಣದ ಹೂಗಳು, ಎಲ್ಲವೂ ಒಳಾಂಗಣದವು. "ಅಕ್ಕ, ಎರಡೂ ಕಡೆ ಒಂದೇ ಥರ ಇರ್ಲಿ, ಫೋಟೊಗೆ ಚೆನ್ನಾಗಿರುತ್ತೆ" ಎಂಬುದು ಅವಳ ಬೇಡಿಕೆಯಾಗಿತ್ತು. ನಾನು ಒಪ್ಪಿಗೆಯನ್ನೂ ಕೊಡಲಿಲ್ಲ, ಬೇಡವೆಂದೂ ಹೇಳಲಿಲ್ಲ. ಮುಹೂರ್ತದ ಹೊತ್ತಿಗೇ ಒಂದು ಬೆಳಿಗ್ಗೆ ಅವಳನ್ನು ಕಣಕ್ಕೆ ಕರೆದುಕೊಂಡು ಹೋಗಿ, ಮಂಟಪ ಬರುವ ಜಾಗದಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದೆ.

ಮಲೆನಾಡಿನ ಮನೆಗಳಲ್ಲಿ ಮದುವೆಗೆ ಕಣಕ್ಕಿಂತ ಒಳ್ಳೆಯ ಜಾಗವಿಲ್ಲ. ಕೊಯ್ಲು ಮುಗಿದು, ಕಾಫಿ ಒಣಗಿ ಮೂಟೆಗೆ ಸೇರಿದ ಮೇಲೆ ಬೇಸಿಗೆಯುದ್ದಕ್ಕೂ ಅದು ಖಾಲಿ. ಸಮತಟ್ಟಾದ ನೆಲ, ನೀರು ಹರಿದುಹೋಗಲು ಇಳಿಜಾರು, ನೂರಾರು ಜನ ಕುಳಿತು ಉಣ್ಣುವಷ್ಟು ಹರವು. ಆದರೆ ಕಣವಿರುವುದೇ ಕಾಫಿ ಒಣಗಿಸುವುದಕ್ಕೆ. ಮರದ ನೆರಳು ಬೀಳದಂತೆ, ದಿನವಿಡೀ ಬಿಸಿಲು ಸಿಗುವಂತೆ ಜಾಗ ನೋಡಿ ಕಟ್ಟಿದ ಸಿಮೆಂಟಿನ ನೆಲ ಅದು. ಕಾಫಿಯನ್ನು ಒಣಗಿಸುವ ಆ ಬಿಸಿಲು ಹೂವನ್ನು ಬಿಡುತ್ತದೆಯೇ? ಚಪ್ಪರದ ಮೇಲೆ ಅಡಿಕೆ ಸೋಗೆ ಹೊದಿಸಿದರೂ ಪೂರ್ವದಿಂದ ಓರೆಯಾಗಿ ಬರುವ ಬೆಳಗಿನ ಬಿಸಿಲು ಸೋಗೆಯ ಅಡಿಯಿಂದ ನೇರವಾಗಿ ಒಳನುಗ್ಗುತ್ತದೆ, ನೆಲ ಕಾದಂತೆ ಕೆಳಗಿನಿಂದಲೂ ಧಗೆ ಏಳುತ್ತದೆ. ತಂಗಿ ಅಲ್ಲಿ ನಿಂತು ಕಣ್ಣು ಕಿರಿದು ಮಾಡಿಕೊಂಡಾಗ, ಮಂಟಪದ ಮುಂಭಾಗದಲ್ಲಿ ಬರುವ ಹೂವೂ ಇದೇ ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕೆಂಬುದು ಅವಳಿಗೆ ಮನವರಿಕೆಯಾಯಿತು. ತಿಳಿ ಗುಲಾಬಿ ಬಣ್ಣ ಆ ಪ್ರಖರ ಬೆಳಕಿನಲ್ಲಿ ಬಿಳಿಚಿಕೊಂಡು ಹೋಗುತ್ತದೆ. ಸುತ್ತಲೂ ಕಾಫಿ ಗಿಡಗಳ ಕಡು ಹಸಿರು, ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳ ಹಸಿರು, ಬೆನ್ನಿಗೆ ಮನೆಯ ಕೆಂಪು ಹೆಂಚಿನ ಮಾಡು. ಇಂಥ ಹಿನ್ನೆಲೆಯಲ್ಲಿ ದೂರದಿಂದಲೂ ತಾನಿದ್ದೇನೆಂದು ಹೇಳುವ ಹೂ ಚೆಂಡು ಹೂ. ಅದರ ಹಳದಿ ಮತ್ತು ಕೇಸರಿ ಹಸಿರಿನೊಳಗೆ ಕರಗುವುದಿಲ್ಲ, ಬಿಸಿಲಿಗೆ ಬೇಗ ಬಾಡುವುದೂ ಇಲ್ಲ. ಅಗ್ಗದ ಹೂ, ದಸರೆಯ ಆಯುಧಪೂಜೆಗೆ ವಾಹನಗಳಿಗೆ ಕಟ್ಟುವ ಹೂ ಎಂದು ಅದನ್ನು ಕಡೆಗಣಿಸುವವರಿದ್ದಾರೆ. ನನಗೆ ಆ ಮಾತು ಎಂದೂ ಸರಿಯೆನಿಸಿಲ್ಲ. ತೆರೆದ ಕಣಕ್ಕೆ, ಬೇಸಿಗೆಯ ಬೆಳಗಿಗೆ, ಅದಕ್ಕಿಂತ ಒಪ್ಪುವ ಹೂ ನಮ್ಮ ಸೀಮೆಯಲ್ಲಿ ಇಲ್ಲ.

ಸೇವಂತಿಗೆಯ ಮಾತನ್ನು ಚಿಕ್ಕಪ್ಪ ಎತ್ತಿದರು. ಅವರ ಮದುವೆಯಲ್ಲಿ ಚಪ್ಪರದ ತುಂಬ ಹಳದಿ ಸೇವಂತಿಗೆಯೇ ಇತ್ತಂತೆ. ಆದರೆ ಅವರ ಮದುವೆ ನಡೆದದ್ದು ಮಾಘದಲ್ಲಿ. ಸೇವಂತಿಗೆ ಹಗಲು ಕಿರಿದಾದಾಗ ಮೊಗ್ಗು ಕಟ್ಟುವ ಗಿಡ. ಅಕ್ಟೋಬರಿನಿಂದ ಜನವರಿಯವರೆಗೆ ಅದರ ಸಹಜ ಸುಗ್ಗಿ. ಬೇಸಿಗೆಯಲ್ಲಿ ಬರುವ ಸೇವಂತಿಗೆಗೆ ದರವೂ ಹೆಚ್ಚು, ಎಸಳುಗಳ ತುಂಬುವಿಕೆಯೂ ಕಡಿಮೆ. ಮಲ್ಲಿಗೆಯ ಲೆಕ್ಕ ಇದಕ್ಕೆ ತದ್ವಿರುದ್ಧ: ಚಳಿಗಾಲದಲ್ಲಿ ಮೊಳಕ್ಕೆ ಬಾಯಿಗೆ ಬಂದ ದರ ಹೇಳುವ ಮಲ್ಲಿಗೆ ಮಾರ್ಚಿಯಿಂದ ಧಾರಾಳವಾಗಿ ಬರತೊಡಗುತ್ತದೆ. ಹೀಗಾಗಿ ಚಿಕ್ಕಪ್ಪನವರ ಆಸೆಯನ್ನು ಋತುವೇ ತಳ್ಳಿಹಾಕಿತು. ವೈಶಾಖದ ಮದುವೆಗೆ ಚೆಂಡು ಹೂ ಮತ್ತು ಮಲ್ಲಿಗೆ ಎಂಬ ಎರಡು ಆಧಾರಗಳು ಉಳಿದವು.

ಮಲ್ಲಿಗೆಯನ್ನು ಎಲ್ಲಿ ಇಡಬೇಕೆಂಬುದು ನಾನು ಅತಿ ಹೆಚ್ಚು ಯೋಚಿಸಿದ ವಿಷಯ. ಮಲ್ಲಿಗೆಯನ್ನು ಕೊಯ್ಯುವುದು ಮೊಗ್ಗಾಗಿರುವಾಗ, ಬೆಳಗಿನ ಜಾವದಲ್ಲಿ. ಅದು ಅರಳುವುದು ಅದೇ ದಿನ ಕತ್ತಲಾಗುವ ಹೊತ್ತಿಗೆ. ಘಮ ತುಂಬಿ ಬರುವುದೂ ಆಗಲೇ. ಮರುದಿನ ಬೆಳಿಗ್ಗೆಗೆ ಅದು ಪೂರ್ತಿ ಅರಳಿದ ಹೂ, ಮಧ್ಯಾಹ್ನಕ್ಕೆ ಕಂದುವ ಹೂ. ಅಂದರೆ ಬೆಳಗಿನ ಮುಹೂರ್ತಕ್ಕೆ ನಮಗೆ ಸಿಗುವುದು ಹಿಂದಿನ ದಿನ ಕೊಯ್ದು ರಾತ್ರಿ ಅರಳಿದ ಮಲ್ಲಿಗೆ. ಸಂಜೆಯ ಆರತಕ್ಷತೆಗೆ ಸಿಗುವುದು ಅಂದೇ ಕೊಯ್ದು, ನೆಂಟರು ಬಂದು ಕೂರುವ ಹೊತ್ತಿಗೆ ಸರಿಯಾಗಿ ಬಿರಿಯುವ ಮಲ್ಲಿಗೆ. ಈ ಒಂದು ಸಂಗತಿಯಿಂದ ನಮ್ಮ ಅರ್ಧ ತೀರ್ಮಾನಗಳು ತಾವಾಗಿಯೇ ಆದವು. ಧಾರೆಗೆ ಮೊಗ್ಗಿನ ಜಡೆ ಬೇಕೇ ಬೇಕೆಂದು ಅತ್ತೆ ಹಟ ಹಿಡಿದಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಅದು ಮೊಗ್ಗಾಗಿ ಉಳಿಯುವುದಿಲ್ಲ, ಅರಳಿ ಸಡಿಲವಾದ ಹೂಗಳು ಹೆಣಿಗೆಯಿಂದ ಜಾರುತ್ತವೆ ಎಂದು ನಾನು ವಿವರಿಸಿದೆ. ಮೊಗ್ಗಿನ ಜಡೆಯನ್ನು ಹಾಸನದ ಸಂಜೆಗೆ ಇಟ್ಟುಕೊಂಡು, ಧಾರೆಗೆ ಅರಳಿದ ಮಲ್ಲಿಗೆಯ ದಿಂಡಿಗೆ ನಡುನಡುವೆ ಕನಕಾಂಬರದ ಸುತ್ತು ಕೊಟ್ಟು ಜಡೆಗೆ ಮುಡಿಸುವುದೆಂದು ಒಪ್ಪಂದವಾಯಿತು. ಕನಕಾಂಬರಕ್ಕೆ ಪರಿಮಳವಿಲ್ಲ, ಆದರೆ ಹಗುರ, ಬೇಗ ಬಾಡುವುದಿಲ್ಲ, ತಂಗಿಯ ಕೆನೆಬಣ್ಣದ, ಕೆಂಪಂಚಿನ ಧಾರೆ ಸೀರೆಗೆ ಅದರ ಬಣ್ಣ ತಾಳೆಯಾಗುತ್ತಿತ್ತು.

ಮಂಟಪದಲ್ಲಿ ಮಲ್ಲಿಗೆಗೆ ಹಿಂಬದಿಯ ನೆರಳನ್ನು ಕೊಟ್ಟೆವು. ಹಸೆಮಣೆಯ ಬೆನ್ನಿಗೆ, ಪಶ್ಚಿಮದ ಕಡೆ, ತೆಂಗಿನ ಎಳೆಗರಿಯ ಹೆಣಿಗೆಯ ಮೇಲೆ ಮಲ್ಲಿಗೆ ಸರಗಳು. ಅಲ್ಲಿ ಬಿಸಿಲು ತಾಗುವುದಿಲ್ಲ, ಹಸಿರು-ಹಳದಿ ಗರಿಯ ಮೇಲೆ ಬಿಳುಪು ಎದ್ದು ಕಾಣುತ್ತದೆ, ಕುಳಿತವರಿಗೆ ಹತ್ತಿರದಿಂದ ಘಮ ಬರುತ್ತದೆ. ಬಯಲಿನಲ್ಲಿ ಪರಿಮಳ ನಿಲ್ಲುವುದಿಲ್ಲ, ಗಾಳಿ ಅದನ್ನು ಒಯ್ಯುತ್ತದೆ. ಆದ್ದರಿಂದ ಪರಿಮಳದ ಹೂವನ್ನು ಚಪ್ಪರದ ತುಂಬ ಹರಡುವುದಕ್ಕಿಂತ ಮದುಮಕ್ಕಳ ಸಮೀಪದಲ್ಲಿ ಒಟ್ಟಾಗಿಸುವುದು ಸಾರ್ಥಕ. ಈ ಮಲ್ಲಿಗೆಯನ್ನು ನಾವು ಘಟ್ಟದ ಕೆಳಗಿನಿಂದ ತರಿಸಿದೆವು. ಉಜಿರೆಯಲ್ಲಿರುವ ನೆಂಟರು ಉಡುಪಿ ಕಡೆಯ ಶಂಕರಪುರದ ಮಲ್ಲಿಗೆಯನ್ನು ಹಿಂದಿನ ದಿನ ಮಧ್ಯಾಹ್ನ ಕೊಂಡು, ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರದ ಮೂಲಕ ಸಂಜೆಗೆ ತಲುಪಿಸಿದರು. ಅಲ್ಲಿ ಲೆಕ್ಕ ಮೊಳದಲ್ಲಲ್ಲ, ಅಟ್ಟೆಯಲ್ಲಿ: 800 ಹೂಗಳಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದರೆ 3200 ಹೂ. ಬಾಳೆಯ ನಾರಿನಲ್ಲಿ ಒತ್ತೊತ್ತಾಗಿ ಕಟ್ಟಿ ಬರುವುದರಿಂದ ಇಲ್ಲಿ ಮತ್ತೆ ಕಟ್ಟುವ ಕೆಲಸವಿಲ್ಲ. ಹೂ ಎಷ್ಟಿದೆ ಎಂಬ ಅನುಮಾನವೂ ಇಲ್ಲ. ಮುಹೂರ್ತ ಹೆಚ್ಚಿರುವ ದಿನಗಳಲ್ಲಿ ಅಟ್ಟೆಯ ದರ ಏರುತ್ತದೆಂದು ತಿಳಿದಿದ್ದರಿಂದ, ಹಿನ್ನೆಲೆಗೆ ಬೇಕಾದಷ್ಟನ್ನು ಮಾತ್ರ ಮೊದಲೇ ಹೇಳಿಟ್ಟು, ಉಳಿದ ಕಡೆಗೆಲ್ಲ ನಮ್ಮ ತೋಟದ್ದೇ ಸಾಮಗ್ರಿಯನ್ನು ಯೋಚಿಸಿದೆವು.

ತೋಟದಿಂದ ಬಂದದ್ದು ಕಡಿಮೆಯೇನಲ್ಲ. ಬಾಳೆಕಂಬ, ಮಾವಿನ ತೋರಣ, ಹಾಲುಗಂಬಕ್ಕೆ ಬೇಕಾದ ಕೊಂಬೆ ಹೇಗೂ ಶಾಸ್ತ್ರಕ್ಕೆ ಬೇಕಾದವು. ಅವುಗಳ ಜೊತೆಗೆ ನಾಲ್ಕು ಕಂಬಗಳಿಗೂ ಅಡಿಕೆಯ ಹೊಂಬಾಳೆ ಕಟ್ಟಿಸಿದೆ. ಹಾಳೆಯನ್ನು ಮುಂಚೆಯೇ ಸೀಳಿಬಿಟ್ಟರೆ ಗಾಳಿಗೆ ಅದರ ಬಣ್ಣ ಮಾಸುತ್ತದೆ. ಕಟ್ಟುವ ಸ್ವಲ್ಪ ಮೊದಲು ಬಿಡಿಸಿದರೆ ದಂತದ ಬಣ್ಣದ ಎಳೆಗಳು ಒಮ್ಮೆಗೇ ಹರಡಿಕೊಳ್ಳುತ್ತವೆ. ಪೇಟೆಯ ಯಾವ ಹೂವೂ ಆ ಕಂಬಕ್ಕೆ ಅಷ್ಟು ಸಹಜವಾಗಿ ಕೂರಲಾರದು. ನೆರೆಯ ತೋಟದವರು ನೆರಳು ಬಲೆಯ ಕೆಳಗೆ ಆಂಥೂರಿಯಂ ಬೆಳೆಯುತ್ತಾರೆ. ಕೆಂಪು ಮತ್ತು ಬಿಳಿ ಎರಡೂ ಬಣ್ಣದ ಹೂಗಳನ್ನು ಕೊಡುತ್ತೇವೆಂದು ಅವರೇ ಮುಂದೆ ಬಂದರು. ಆಂಥೂರಿಯಂ ನೀರಿನಲ್ಲಿಟ್ಟರೆ ವಾರಕ್ಕೂ ಮೀರಿ ಬಾಳುವ ಹೂ, ಆದರೆ ಬಿಸಿಲು ಅದಕ್ಕೆ ಆಗದು. ಕಣದಲ್ಲಿ ಅದನ್ನು ಬಳಸದೆ, ಮನೆಯ ಜಗುಲಿಯ ನೆರಳಿನಲ್ಲಿ, ಎದುರುಗೊಳ್ಳುವ ಜಾಗದ ಹಿತ್ತಾಳೆಯ ಹಂಡೆಯಲ್ಲಿ ಇಟ್ಟೆವು. ಅಲ್ಲಿಂದ ಅದನ್ನು ಎರಡು ದಿನ ಕಳೆದ ಮೇಲೆ ಹಾಸನಕ್ಕೆ ಒಯ್ಯುವುದು ನನ್ನ ಮನಸ್ಸಿನಲ್ಲಿತ್ತು, ಹಾಗೆಯೇ ನಡೆಯಿತು.

ಕಣದ ಅಂಚಿನಲ್ಲೊಂದು ಹಳೆಯ ಹಲಸಿನ ಮರವಿದೆ. ಅದರ ಕೊಂಬೆಯ ಮೇಲೆ ಸೀತಾಳೆ ದಂಡೆ ಎಂಬ ಕಾಡು ಆರ್ಕಿಡ್ ಹಲವು ವರ್ಷಗಳಿಂದ ನೆಲೆಯೂರಿದೆ. ಮುಂಗಾರು ಹತ್ತಿರವಾದಾಗ ನೇರಳೆ ಚುಕ್ಕೆಯ ಗೊಂಚಲುಗಳು ಇಳಿಬೀಳುತ್ತವೆ. ಆ ವರ್ಷ ಮದುವೆಯ ಹೊತ್ತಿಗೆ ಸರಿಯಾಗಿ ಬಿಡತೊಡಗಿತ್ತು. ಕಾಡಿನ ಅಂಚಿನ ಮರಗಳಿಂದ ಇನ್ನಷ್ಟು ತಂದು ಮಂಟಪಕ್ಕೆ ಕಟ್ಟೋಣವೆಂದು ತಮ್ಮನ ಸ್ನೇಹಿತರು ಉತ್ಸಾಹದಿಂದ ಹೊರಟಿದ್ದರು. ನಾನು ಖಂಡಿತ ಬೇಡವೆಂದೆ. ವರ್ಷಕ್ಕೊಮ್ಮೆ ಹೂ ಬಿಡುವ ಗಿಡ, ಬೇರು ಮರದ ತೊಗಟೆಗೆ ಅಂಟಿಕೊಂಡೇ ಬದುಕುವಂಥದ್ದು. ಎಳೆದು ತೆಗೆದರೆ ಮತ್ತೆ ಕೂರುವ ಭರವಸೆಯಿಲ್ಲ. ಅದರ ಬದಲು ದ್ವಾರದ ಚಪ್ಪರವನ್ನೇ ಆರೆಂಟು ಮಾರು ಪಕ್ಕಕ್ಕೆ ಸರಿಸಿ, ದಿಬ್ಬಣ ಹಲಸಿನ ಮರದ ಅಡಿಯಿಂದಲೇ ಒಳಬರುವಂತೆ ಮಾಡಿಸಿದೆ. ಅಪ್ಪಯ್ಯ ಇದನ್ನು ತುಂಬ ಮೆಚ್ಚಿದರು. ಅದೇ ಮರದ ಸುತ್ತಮುತ್ತ ಹೆಜ್ಜೇನು ಕಟ್ಟಿದೆಯೇ ಎಂದು ಆಳುಗಳಿಂದ ನೋಡಿಸಿದ್ದೂ ಅವರೇ. ಹೋಮದ ಹೊಗೆ ಎದ್ದಾಗ ಜೇನು ಕೆರಳಿದರೆ ಮದುವೆಮನೆಯಲ್ಲಿ ಯಾರೂ ಉಳಿಯಲಾರರು. ತೆರೆದ ಜಾಗದಲ್ಲಿ ಮದುವೆ ಮಾಡುವವರು ಹೂವಿಗಿಂತ ಮೊದಲು ಇದನ್ನು ನೋಡಿಕೊಳ್ಳಬೇಕು.

ಹೂವಿನ ಅಳತೆಯನ್ನು ನಾನು ಕಾಗದದ ಮೇಲೆ ಬರೆದುಕೊಂಡೇ ಮಾಡಿದೆ, ಏಕೆಂದರೆ ಕಣ್ಣಳತೆಯ ಮಾತು ಅಲಂಕಾರದವರ ಜೊತೆ ನಿಲ್ಲುವುದಿಲ್ಲ. ಮಂಟಪದ ಅಗಲ 12 ಅಡಿ, ಎತ್ತರ 9 ಅಡಿ. ಮುಂಭಾಗದಲ್ಲಿ ಆರು ಅಂಗುಲಕ್ಕೊಂದರಂತೆ ಇಳಿಬಿಟ್ಟರೆ 25 ಸರ ಬೇಕು. ಅಲಂಕಾರಕ್ಕೆ ಒಪ್ಪಿಕೊಂಡವರು ಮೂರಡಿಯ ಸರವೆಂದಿದ್ದರು; ಹಾಗೆ ಮಾಡಿದರೆ ನೆಲದಿಂದ ಆರು ಅಡಿಗೇ ಸರದ ತುದಿ ಬಂದು ಮದುಮಗನ ಪೇಟಕ್ಕೂ ಬಾಸಿಂಗಕ್ಕೂ ತಾಗುತ್ತದೆ. ಎರಡಡಿಗೆ ಇಳಿಸಿ, ಮುಂಭಾಗಕ್ಕೆ ಒಟ್ಟು 50 ಅಡಿ ಚೆಂಡು ಹೂವಿನ ಸರವೆಂದು ಗೊತ್ತುಮಾಡಿದೆ. ಬಿಡಿ ಹೂವನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುವುದರಿಂದ, ಮೊದಲು ಒಂದು ಕಿಲೋ ತರಿಸಿ, ಪೋಣಿಸಿ, ಎಷ್ಟು ಉದ್ದ ಬರುತ್ತದೆಂದು ಅಳೆದು ನೋಡಿ ಉಳಿದದ್ದನ್ನು ಹೇಳುವುದು ಒಳ್ಳೆಯದು; ಹೂವಿನ ಗಾತ್ರ ಒಂದೊಂದು ಸಂತೆಗೆ ಒಂದೊಂದು ಥರ ಇರುತ್ತದೆ. ಮಧ್ಯಾಹ್ನದ ಮೇಲೆ ನಮ್ಮ ಕಡೆ ಗುಡುಗು ಮಳೆಗೆ ಮುಂಚೆ ಗಾಳಿ ಏಳುವುದು ವೈಶಾಖದಲ್ಲಿ ವಾಡಿಕೆ. ಸರಗಳು ಗಾಳಿಗೆ ಒಂದಕ್ಕೊಂದು ಸುತ್ತಿಕೊಳ್ಳದಿರಲೆಂದು ಉಗ್ರಾಣದಲ್ಲಿದ್ದ ಗೋಟಡಿಕೆಯನ್ನು ಪ್ರತಿ ಸರದ ತುದಿಗೆ ಭಾರವಾಗಿ ಕಟ್ಟಿ, ಅದರ ಮೇಲೊಂದು ಹೂ ಮುಚ್ಚಿದರು. ಈ ಉಪಾಯ ಹೇಳಿದ್ದು ಅವ್ವ.

ಮಂಟಪದ ಮುಂದೆ ಹೂವಿನ ಎಸಳಿನ ರಂಗೋಲಿ ಹಾಕಬೇಕೆಂಬ ಸಲಹೆಯೂ ಬಂದಿತ್ತು. ನಮ್ಮಲ್ಲಿ ಧಾರೆಯ ಹೊತ್ತಿಗೆ ನೆಂಟರಿಷ್ಟರೆಲ್ಲ ಸಾಲಾಗಿ ಬಂದು ಮದುಮಕ್ಕಳ ಕೈಗೆ ಹಾಲು ಎರೆಯುತ್ತಾರೆ. ಆ ಜಾಗ ಒದ್ದೆಯಾಗಿ, ಎಸಳುಗಳು ಕಾಲಿಗೆ ಮೆತ್ತಿ, ವಯಸ್ಸಾದವರು ಜಾರಿದರೆ ಆಗುವ ಅನಾಹುತ ದೊಡ್ಡದು. ರಂಗೋಲಿಯನ್ನು ಜಗುಲಿಯ ಮೆಟ್ಟಿಲ ಬುಡಕ್ಕೆ ಕಳಿಸಿ, ಮಂಟಪದ ಮುಂಭಾಗವನ್ನು ಬರಿದಾಗಿಯೇ ಬಿಟ್ಟೆವು. ಹೋಮಕುಂಡದ ನೇರ ಮೇಲೆಯೂ ಏನನ್ನೂ ಕಟ್ಟಲಿಲ್ಲ. ಬೆಂಕಿಯ ಝಳಕ್ಕೆ ಹೂ ಸುಟ್ಟಂತೆ ಬಾಡುತ್ತದೆ; ಪ್ಲಾಸ್ಟಿಕ್ ಹೂವಾಗಿದ್ದರೆ ಅದಕ್ಕಿಂತ ದೊಡ್ಡ ಅಪಾಯ.

ಹಾಸನದ ಮಂಟಪವನ್ನು ನೋಡಲು ಹೋದಾಗ ಬೇಕೆಂದೇ ಸಂಜೆ ಏಳು ಗಂಟೆಯ ಹೊತ್ತನ್ನು ಆರಿಸಿಕೊಂಡೆ. ಹಗಲಿನಲ್ಲಿ ಬಾಗಿಲು ತೆರೆದಿಟ್ಟಾಗ ಕಾಣುವ ಬಣ್ಣಗಳೇ ಬೇರೆ, ರಾತ್ರಿ ಎಲ್ಲ ದೀಪ ಹೊತ್ತಿಸಿದಾಗ ಕಾಣುವುದೇ ಬೇರೆ. ವೇದಿಕೆಯ ಹಿಂಬದಿಯ ಗೋಡೆಗೆ ಚಿನ್ನದ ಬಣ್ಣದ ಹಲಗೆಗಳು, ನೆಲಕ್ಕೆ ಕೆಂಪು ಜಮಖಾನ, ಮದುಮಕ್ಕಳಿಗೆ ಕೆಂಪು ಮಖಮಲ್ಲಿನ ಸೋಫಾ. ಸೂರು ಬಹಳ ಎತ್ತರದಲ್ಲಿತ್ತು. ಕಣದಲ್ಲಿ ಅಷ್ಟು ಚೆನ್ನಾಗಿ ಒಪ್ಪುವ ಚೆಂಡು ಹೂ ಈ ಚಿನ್ನದ ಗೋಡೆಯ ಮುಂದೆ ಹಿಟ್ಟಿನಲ್ಲಿ ಬಿದ್ದ ಸುಣ್ಣದಂತೆ ಗುರುತೇ ಸಿಗದೆ ಹೋಗುತ್ತದೆ. ಕೆಂಪು ಗುಲಾಬಿಯ ಪಾಡೂ ಜಮಖಾನ ಮತ್ತು ಸೋಫಾದ ನಡುವೆ ಅದೇ. ಮಂಟಪದವರು ಆರತಕ್ಷತೆಗೆ ನೀಲಿ-ನೇರಳೆ ಬಣ್ಣದ ದೀಪ ಹಾಕುವುದು ವಾಡಿಕೆಯೆಂದರು. ಆ ದೀಪವನ್ನು ಹೊತ್ತಿಸಿ ಒಂದು ಕೆಂಪು ಗುಲಾಬಿಯನ್ನು ಹಿಡಿದು ನೋಡಿದರೆ ಅದು ಕಪ್ಪಾಗಿ ಕಂಡಿತು. ಬಿಳಿ ಹೂವಾದರೆ ಯಾವ ದೀಪದ ಬಣ್ಣ ಬೀಳುತ್ತದೆಯೋ ಆ ಬಣ್ಣವನ್ನೇ ತಾಳುತ್ತದೆ. ತಂಗಿ ಕೂಡಿಟ್ಟಿದ್ದ ಚಿತ್ರಗಳ ತಿಳಿ ಗುಲಾಬಿ ಮತ್ತು ಬಿಳಿಗೆ ಇಲ್ಲಿ ತಕ್ಕ ಜಾಗ ಸಿಕ್ಕಿತು. ದೀಪವನ್ನು ಮಾತ್ರ ಬೆಚ್ಚನೆಯ ಹಳದಿ ಛಾಯೆಯ ಒಂದೇ ಬಗೆಯದಾಗಿ ಇಡಬೇಕೆಂದು ಕೇಳಿಕೊಂಡು ಒಪ್ಪಿಸಿದೆವು. ಆ ಬೆಳಕಿನಲ್ಲಿ ಬಿಳಿ ಹೂ ಕೆನೆಬಣ್ಣಕ್ಕೆ ತಿರುಗಿ, ಚಿನ್ನದ ಗೋಡೆಯೊಂದಿಗೆ ಜಗಳವಾಡದೆ ನಿಲ್ಲುತ್ತದೆ.

ಸಭಾಂಗಣದ ಕೊನೆಯ ಸಾಲಿನಿಂದ ವೇದಿಕೆಯನ್ನು ನೋಡಿದರೆ ಯಾವ ಹೂ ಎಂಬುದು ಗೊತ್ತಾಗುವುದಿಲ್ಲ, ಬಣ್ಣದ ರಾಶಿ ಮಾತ್ರ ಗೊತ್ತಾಗುತ್ತದೆ. ಹೂವಿನ ರೂಪ, ಎಸಳಿನ ನಯ, ಕಟ್ಟಿನ ಕುಶಲತೆ ಇವೆಲ್ಲ ಕೈಯಳತೆಯಲ್ಲಿ ಇದ್ದಾಗ ಮಾತ್ರ ಬೆಲೆಯುಳ್ಳವು. ಆದ್ದರಿಂದ ಎತ್ತರದಲ್ಲಿ ಹೂವಿಗಾಗಿ ಹಣ ಸುರಿಯುವುದನ್ನು ನಾನು ವಿರೋಧಿಸಿದೆ. ಮಂಟಪದವರೇ ಗೊತ್ತುಮಾಡಿದ ಅಲಂಕಾರದವರಿಗೇ ಕೆಲಸ ಕೊಡಬೇಕೆಂಬ ನಿಯಮವಿತ್ತು. ಅವರು ಮೇಲಿನ ಭಾಗಕ್ಕೆಲ್ಲ ಪ್ಲಾಸ್ಟಿಕ್ ಹೂವಿನ ಹಲಗೆಗಳನ್ನು ನಿಲ್ಲಿಸಿ, ಕೆಳಗಷ್ಟೇ ನಿಜವಾದ ಹೂ ಇಡುವುದಾಗಿ ಹೇಳಿದರು. ಅದು ಅವರಿಗೆ ಅಭ್ಯಾಸವಾದ, ಖರ್ಚು ಕಡಿಮೆಯ ಪದ್ಧತಿ. ನನಗೆ ಮದುವೆಯ ವೇದಿಕೆಯಲ್ಲಿ ಹೂವಿನಂತೆ ತೋರುವ ಪ್ಲಾಸ್ಟಿಕ್ ಒಪ್ಪಿಗೆಯಿಲ್ಲ. ಬಟ್ಟೆ ಬಟ್ಟೆಯಾಗಿಯೇ ಇರಲಿ ಎಂದು, ಮೇಲಿನ ಭಾಗಕ್ಕೆ ಹಸಿರು ಛಾಯೆಯ ತೆಳುಬಟ್ಟೆಯ ಮಡಿಕೆಗಳನ್ನು ಇಳಿಬಿಡಿಸಿ, ಸೋಫಾದ ಬೆನ್ನಿನಿಂದ ಕೆಳಗೆ, ಮೆಟ್ಟಿಲುಗಳ ಎರಡೂ ಬದಿಗೆ ಮತ್ತು ಪ್ರವೇಶದಲ್ಲಿ ಮಾತ್ರ ಹೂವಿಟ್ಟೆವು. ಉಡುಗೊರೆ ಕೊಡಲು ಸಾಲಿನಲ್ಲಿ ನಿಲ್ಲುವ ನೆಂಟರು ಹೆಚ್ಚು ಹೊತ್ತು ಕಳೆಯುವುದು ಆ ಮೆಟ್ಟಿಲುಗಳ ಪಕ್ಕದಲ್ಲೇ. ಹೀಗೆ ಹೂ ಕಡಿಮೆಯಾಯಿತು, ಆದರೆ ಇದ್ದ ಹೂವನ್ನೆಲ್ಲ ಜನ ಹತ್ತಿರದಿಂದ ನೋಡಿದರು.

ಮುಚ್ಚಿದ ಸಭಾಂಗಣದಲ್ಲಿ ಪರಿಮಳದ ಲೆಕ್ಕವೂ ಬೇರೆ. ಸುಗಂಧರಾಜ ಸಂಜೆಯ ನಂತರ ಘಮ ಹೆಚ್ಚಿಸಿಕೊಳ್ಳುವ ಹೂ. ಅಲಂಕಾರದವರು ವೇದಿಕೆಯ ಎರಡು ಬದಿಗೂ ಅದರ ದಂಟುಗಳ ದೊಡ್ಡ ಗುಚ್ಛ ಇಡುವುದಾಗಿ ಹೇಳಿದಾಗ, ಕಿಟಕಿ ಮುಚ್ಚಿ ಹವಾನಿಯಂತ್ರಣ ಹಾಕಿದ ಕೋಣೆಯಲ್ಲಿ ಮಲ್ಲಿಗೆ ಮತ್ತು ಸುಗಂಧರಾಜ ಎರಡೂ ಸೇರಿದರೆ ಹಿರಿಯರಿಗೆ ತಲೆ ಸಿಡಿಯುತ್ತದೆಂದು ತಡೆದೆ. ಸುಗಂಧರಾಜವನ್ನು ಹೊರಗಿನ ಪ್ರವೇಶದ್ವಾರಕ್ಕೆ ಕಳಿಸಿ, ಒಳಗೆ ಜಡೆ ಮತ್ತು ಹಾರಗಳ ಮಲ್ಲಿಗೆಯ ಘಮ ಒಂದೇ ಇರುವಂತೆ ನೋಡಿಕೊಂಡೆ. ವೇದಿಕೆಗೆ ಪರಿಮಳವಿಲ್ಲದ ಬಿಳಿ ಮತ್ತು ತಿಳಿ ಗುಲಾಬಿ ಬಣ್ಣದ ಆರ್ಕಿಡ್, ತಿಳಿ ಗುಲಾಬಿ ಬಣ್ಣದ ಗುಲಾಬಿ, ಮತ್ತು ಊರಿನಿಂದ ತಂದ ಬಿಳಿ ಆಂಥೂರಿಯಂ. ಕೆಂಪು ಆಂಥೂರಿಯಂ ಊಟದ ಸಭಾಂಗಣದ ಮೇಜುಗಳಿಗೆ ಹೋಯಿತು. ಅಲ್ಲಿ ಗೋಡೆ ಬಿಳಿಯಾಗಿತ್ತು.

ಹೂವನ್ನು ಕಾಪಿಡುವ ವಿಷಯದಲ್ಲಿ ನಮಗೆ ನೆರವಾದದ್ದು ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಲ್ಲಿ ಓದುತ್ತಿದ್ದ ನೆಂಟರ ಹುಡುಗಿ. ಗುಲಾಬಿಗೆ ಶೀತಲ ಕೋಣೆ ಒಳ್ಳೆಯದು, ಆದರೆ ಆಂಥೂರಿಯಂ, ಆರ್ಕಿಡ್‌ಗಳಂಥ ಉಷ್ಣವಲಯದ ಹೂಗಳನ್ನು ಅದೇ ಪೆಟ್ಟಿಗೆಯಲ್ಲಿ ಇಟ್ಟರೆ ಚಳಿಗೆ ಕಪ್ಪಾಗುತ್ತವೆ ಎಂದು ಅವಳೇ ಎಚ್ಚರಿಸಿದಳು. ಇನ್ನೊಂದು ಮಾತು ನನಗೆ ಹೊಸದಾಗಿತ್ತು: ಹಣ್ಣಾಗುತ್ತಿರುವ ಬಾಳೆ, ಮಾವುಗಳಿಂದ ಎಥಿಲೀನ್ ಎಂಬ ಅನಿಲ ಹೊಮ್ಮುತ್ತದೆ, ಅದು ತಾಗಿದರೆ ಆರ್ಕಿಡ್, ಕಾರ್ನೇಷನ್‌ಗಳಂಥ ಹೂಗಳು ಬೇಗ ಮುದಿಯಾಗಿ ಉದುರುತ್ತವೆ. ಮದುವೆಮನೆಯ ಉಗ್ರಾಣದಲ್ಲಿ ಬಾಳೆಗೊನೆ, ಮಾವಿನಹಣ್ಣು, ಹಲಸು ಇಲ್ಲದಿರುವುದುಂಟೇ? ನಾವು ಹೂವಿಗೆಂದು ಬೇರೆಯೇ ಒಂದು ಕೋಣೆ ಬಿಟ್ಟುಕೊಟ್ಟೆವು. ಹಾಸನದಲ್ಲೂ ಮದುಮಗಳ ಕೋಣೆಯ ಪಕ್ಕದ ಚಿಕ್ಕ ಕೋಣೆಯನ್ನು ಅದಕ್ಕಾಗಿ ಕೇಳಿ ಪಡೆದೆವು. ಮಲ್ಲಿಗೆಗೆ ಮಾತ್ರ ಹಳೆಯ ಕ್ರಮವೇ: ಬಿದಿರಿನ ಬುಟ್ಟಿಗೆ ಬಾಳೆ ಎಲೆ ಹಾಸಿ, ಹಿಂಡಿದ ಒದ್ದೆ ಬಟ್ಟೆ ಮೇಲೆ ಮುಚ್ಚುವುದು. ತಾಜಾತನ ಉಳಿಯಲೆಂದು ಹೂವಿನ ಮೇಲೆ ನೇರವಾಗಿ ನೀರು ಚಿಮುಕಿಸುವವರಿದ್ದಾರೆ; ನೀರು ನಿಂತ ಎಸಳು ಬೇಗ ಕಂದುತ್ತದೆ.

ಹಾರಗಳ ವಿಷಯ ಬೇಗ ಇತ್ಯರ್ಥವಾಯಿತು. ಕೆನೆಬಣ್ಣದ ಧಾರೆ ಸೀರೆಯ ಮೇಲೆ ಬರಿಯ ಮಲ್ಲಿಗೆ ಹಾರ ಕಾಣದು, ಹಾಗಾಗಿ ಕೆಂಪು ಗುಲಾಬಿ ಎಸಳಿನ ಪಟ್ಟಿಗಳಿದ್ದ ಹಾರ. ಆರತಕ್ಷತೆಯ ಕಡು ಹಸಿರು ಸೀರೆಗೆ ಅಚ್ಚ ಮಲ್ಲಿಗೆ ಮೊಗ್ಗಿನ ಹಾರ. ಎರಡನ್ನೂ ಆದಷ್ಟು ಹಗುರವಾಗಿ ಕಟ್ಟಿಸಿದೆ, ಬೇಸಿಗೆಯಲ್ಲಿ ಭಾರದ ಹಾರ ಹೊತ್ತು ಕೂರುವುದು ಮದುಮಕ್ಕಳಿಗೆ ಹಿಂಸೆ.

ಹಾಸನದಲ್ಲಿ ನಮ್ಮನ್ನು ಕಾಡಿದ್ದು ಸಮಯ. ಅದೇ ಮಂಟಪದಲ್ಲಿ ಬೆಳಿಗ್ಗೆ ಇನ್ನೊಂದು ಮದುವೆ ಇತ್ತು. ಅವರು ಖಾಲಿ ಮಾಡಿದ ಮೇಲೆ ನಮ್ಮ ಅಲಂಕಾರಕ್ಕೆ ಉಳಿದದ್ದು ಮಧ್ಯಾಹ್ನದ ಮೇಲಿನ ಕೆಲವೇ ಗಂಟೆಗಳು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಅಂಟುಪಟ್ಟಿ ಹಚ್ಚುವಂತಿಲ್ಲ ಎಂಬ ಷರತ್ತು ಬೇರೆ. ತಾನೇ ನಿಲ್ಲುವ ಚೌಕಟ್ಟುಗಳನ್ನು ಹಿಂದಿನ ರಾತ್ರಿಯೇ ಸಿದ್ಧಮಾಡಿ, ಗುಲಾಬಿಯ ದಂಟುಗಳನ್ನು ನೀರಿನೊಳಗೆ ಓರೆಯಾಗಿ ಕತ್ತರಿಸಿ ಇಟ್ಟುಕೊಂಡಿದ್ದರಿಂದ ಕೆಲಸ ಕೈಗೆ ಹತ್ತಿತು. ಮೊಗ್ಗಿನ ಜಡೆ ಹೆಣೆಯುವ ಹೂವಾಡಗಿತ್ತಿ ಮಧ್ಯಾಹ್ನವೇ ಬಂದು ಕುಳಿತಿದ್ದರು. ಬೆಳಿಗ್ಗೆ ಕೊಯ್ದ ದುಂಡು ಮೊಗ್ಗುಗಳನ್ನು ಒಂದೇ ಗಾತ್ರದವು ಒಂದೆಡೆ ಬರುವಂತೆ ಆರಿಸಿಕೊಂಡು, ಜಡೆಯ ಬುಡಕ್ಕೆ ದಪ್ಪ ಮೊಗ್ಗು, ತುದಿಗೆ ಸಣ್ಣವು ಎಂದು ಅವರು ಹೆಣೆದ ರೀತಿಯನ್ನು ನಾನು ಪಕ್ಕದಲ್ಲೇ ಕುಳಿತು ನೋಡಿದೆ. ಏಳೂವರೆಗೆ ತಂಗಿ ವೇದಿಕೆ ಹತ್ತಿದಾಗ ಮುಕ್ಕಾಲು ಪಾಲು ಇನ್ನೂ ಮೊಗ್ಗಾಗಿತ್ತು. ಊಟದ ಪಂಕ್ತಿಗಳು ಮುಗಿಯುವ ಹೊತ್ತಿಗೆ ಇಡೀ ಜಡೆ ಅರಳಿತ್ತು. ಅತ್ತೆ ನನ್ನನ್ನು ಕರೆದು, "ಧಾರೆ ದಿನ ಬೇಡ ಅಂದಿದ್ದು ಒಳ್ಳೇದೇ ಆಯ್ತು ಕಣೇ" ಎಂದರು.

ಮೊನ್ನೆ ದೊಡ್ಡಪ್ಪನ ಮಗ ತನ್ನ ಮದುವೆಗೆ ಗೊತ್ತುಮಾಡಿದ ಬೇಲೂರಿನ ಕಡೆಯ ಒಂದು ಮಂಟಪದ ಚಿತ್ರ ಕಳುಹಿಸಿ, ಯಾವ ಹೂ ಹೇಳಲಿ ಅಕ್ಕ ಎಂದು ಕೇಳಿದ. ಹಗಲಿನಲ್ಲಿ ತೆಗೆದ ಚಿತ್ರ ಅದು, ಮುಹೂರ್ತವಿರುವುದು ಬ್ರಾಹ್ಮೀ ಮುಹೂರ್ತದ ಕತ್ತಲಲ್ಲಿ, ಅದೂ ಮಾಘದಲ್ಲಿ. ಅದೇ ಹೊತ್ತಿಗೆ ಅಲ್ಲಿ ಹೋಗಿ, ಎಲ್ಲ ದೀಪ ಹಾಕಿಸಿ, ಹಿಂಬದಿಯ ಗೋಡೆಯ ಮುಂದೆ ಒಂದು ಹಳದಿ ಮತ್ತು ಒಂದು ಬಿಳಿ ಸೇವಂತಿಗೆಯನ್ನು ಹಿಡಿದು ಚಿತ್ರ ತೆಗೆದು ಕಳುಹಿಸು, ಮಂಟಪದ ಎತ್ತರವನ್ನೂ ಅಳೆದುಕೊಂಡು ಬಾ ಎಂದು ಅವನಿಗೆ ಹೇಳಿದ್ದೇನೆ.